ಹುಲ್ಲು ಮಾರೋಣ, ಮಣ್ಣನ್ನೂ ಮಾರಬೇಕೆ?

ಕಂಬಂ : ದನಕ್ಕೆ ಹಾಕುವ ಹುಲ್ಲು ಗೊತ್ತು, ಸೂರಿಗೆ ಹೊದಿಸುವ ಹುಲ್ಲೂ ಗೊತ್ತು. ಚದರಡಿ ಲೆಕ್ಕದಲ್ಲಿ ಮಾರುವ ಹುಲ್ಲು? ಅದೂ ಈಗ ಒಂದು ಬೆಳೆ. ಮನೆಯಂಗಳ, ರೆಸಾರ್ಟು, ಐಟಿ ಕಂಪನಿ, ಕ್ರಿಕೆಟ್ ಮೈದಾನ ಎಲ್ಲಕ್ಕೂ ಹಸಿರು ಹಾಸು ಬೇಕು.

ಇದು ಮಹಾನಗರಗಳ ಮಾತಷ್ಟೇ ಅಲ್ಲ. ನಮ್ಮ ಪಕ್ಕದ ದಿಂಡಿಗಲ್ ಜಿಲ್ಲೆಯ ನತ್ತಂನಲ್ಲಿರುವ ಎನ್‌ಪಿಆರ್ ಕಾಲೇಜು ಮೈದಾನದಲ್ಲಿ 2016ರಲ್ಲೇ ತಮಿಳುನಾಡು ಪ್ರೀಮಿಯರ್ ಲೀಗ್ ಪಂದ್ಯಗಳು ನಡೆದವು.

ಮೈದಾನಗಳಲ್ಲಿ ತಂತ್ರಜ್ಞಾನ ಎಷ್ಟು ಮುಂದೆ ಹೋಗಿದೆ ಎಂಬುದಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ನೋಡಬೇಕು. 2017ರಲ್ಲಿ ಅಲ್ಲಿ ಸಬ್‌ಏರ್ ವ್ಯವಸ್ಥೆ ಬಂತು. ಹುಲ್ಲಿನ ಕೆಳಗೆ ಜೇಡಿಮಣ್ಣಿನ ಬದಲು ಮರಳು, ಅದರಡಿ ಕೊಳವೆಗಳು. ಮಳೆ ಬಿದ್ದರೆ ಯಂತ್ರ ನೀರನ್ನು ಹೀರಿ ಹೊರಹಾಕುತ್ತದೆ. ಬೇರಿಗೆ ಗಾಳಿಯನ್ನೂ ಊದುತ್ತದೆ. 2024ರ ಬೇಸಿಗೆಯಲ್ಲಿ ನೀರಿಗೆ ಬರ ಬಂದಾಗ ಈ ಮೈದಾನಕ್ಕೆ ಸಂಸ್ಕರಿಸಿದ ಕೊಳಚೆ ನೀರೇ ಆಸರೆಯಾಯಿತು.

ಸರಿ, ಮೈದಾನ ಸುಧಾರಿಸಿತು. ಹುಲ್ಲು ಬೆಳೆಯುವ ಹೊಲದ ಗತಿ?

ಹಳೆಯ ಪದ್ಧತಿಯಲ್ಲಿ ಹುಲ್ಲನ್ನು ಬೇರು, ಮಣ್ಣು ಸಮೇತ ಚಪ್ಪಡಿಯಂತೆ ಕತ್ತರಿಸಿ ಲಾರಿಗೆ ತುಂಬುತ್ತಾರೆ. ಒಂದು ಕಟಾವಿನಲ್ಲಿ ಅರ್ಧ ಇಂಚು ಮಣ್ಣು ಹೋಯಿತೆಂದೇ ಇಟ್ಟುಕೊಳ್ಳಿ. ಎಕರೆಗೆ ಲೆಕ್ಕ ಹಾಕಿದರೆ ಅದು 1,800 ಘನ ಅಡಿ ದಾಟುತ್ತದೆ! ಗೊಬ್ಬರ ಹಾಕಿದರೆ ಸಾರ ಮರಳೀತು, ಮಣ್ಣು ಮರಳದು.

ಇಲ್ಲೇ ಹೊಸ ತಂತ್ರಜ್ಞಾನ ರೈತನ ನೆರವಿಗೆ ಬರುತ್ತಿದೆ. ಮರಳಿನ ಮೈದಾನಕ್ಕೆ ಜೇಡಿಮಣ್ಣು ಮೆತ್ತಿದ ಹುಲ್ಲು ಬೇಡ, ಅದು ನೀರು ಇಂಗುವ ದಾರಿಯನ್ನೇ ಮುಚ್ಚುತ್ತದೆ. ಹಾಗಾಗಿ ಮಣ್ಣಿಲ್ಲದ ಹುಲ್ಲಿಗೆ ಬೆಲೆ. ಮೈದಾನಕ್ಕೆ ಹಾಕುವ ಬರ್ಮುಡಾ ಹೈಬ್ರಿಡ್ ತಳಿಗಳು ಬೀಜ ಕಟ್ಟುವುದಿಲ್ಲ. ಅವುಗಳ ಬಳ್ಳಿಯನ್ನು ತುಂಡರಿಸಿ ನೆಟ್ಟರೆ ಸಾಕು, ಹಬ್ಬುತ್ತವೆ. ಇನ್ನೊಂದು ದಾರಿ, ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಹರಡಿ ಬೆಳೆಯುವುದು. ಬೇರುಗಳೇ ಹೆಣೆದುಕೊಂಡು ಚಾಪೆಯಾಗುತ್ತವೆ. ಸುತ್ತಿ ಎತ್ತಿದರೆ ಆಯಿತು, ಹೊಲದ ಮಣ್ಣು ಹೊಲದಲ್ಲೇ.

ಕಷ್ಟಗಳೂ ಇವೆ. ತುಂಡು ನೆಟ್ಟ ಹುಲ್ಲು ಹರಡಲು ವಾರಗಟ್ಟಲೆ ಕಾಯಬೇಕು, ಗೃಹಪ್ರವೇಶದ ಅವಸರದಲ್ಲಿರುವವರು ಚಪ್ಪಡಿಯನ್ನೇ ಕೇಳುತ್ತಾರೆ. ಹಾಳೆಯ ಮೇಲಿನ ಹುಲ್ಲು ಬೇಗ ಒಣಗುತ್ತದೆ, ಪದೇ ಪದೇ ನೀರು ಬೇಕು. ತುಂತುರು ನೀರಾವರಿ, ತೇವ ಅಳೆಯುವ ಸಾಧನಗಳಿಗೆ ಮೊದಲೇ ದುಡ್ಡು ಹಾಕಬೇಕು.

1895ರಲ್ಲಿ ಪೆರಿಯಾರ್ ನೀರು ಬಂದ ಮೇಲೆ ಈ ಕಣಿವೆಯ ಬದುಕೇ ಬದಲಾಯಿತು. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಆ ಹೆಸರು ಬಂದದ್ದು ಈ ಮಣ್ಣು, ಈ ಹವೆಯಿಂದ. ಮನೆಯಲ್ಲಿ ಇಂದಿಗೂ ಕನ್ನಡ ಆಡುವ ಇಲ್ಲಿನ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಳೆ ಗುತ್ತಿಗೆದಾರರೊಬ್ಬರು ಬಂದು ಹುಲ್ಲು ಬೆಳೆಯಿರಿ ಎಂದರೆ ಮೊದಲು ಕೇಳಬೇಕಾದ್ದು ಚದರಡಿಗೆ ಎಷ್ಟು ಎಂದಲ್ಲ. ಲಾರಿಯಲ್ಲಿ ನಮ್ಮ ಮಣ್ಣೆಷ್ಟು ಹೋಗುತ್ತದೆ ಎಂದು.