ಗುವಾಂಗ್‌ಝೌನಲ್ಲಿ ಹೊತ್ತು ಮುಳುಗಿದ ಮೇಲೆ



ಮೊನ್ನೆ ನಮ್ಮ ಸಮಾಜದ ಹುಡುಗನೊಬ್ಬ ಅಂಗಡಿಗೆ ಬಂದು, "ದೊಡ್ಡಪ್ಪ, ವ್ಯಾಪಾರದ ಕೆಲಸದ ಮೇಲೆ ಚೀನಾಕ್ಕೆ ಹೋಗಬೇಕಾಗಿದೆ. ನೀವು ಹೋಗಿ ಬಂದವರು. ನಮ್ಮಂಥವರಿಗೆ ಅಲ್ಲಿ ಊಟಕ್ಕೆ ಏನು ಗತಿ?" ಎಂದು ಕೇಳಿದ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಕೊಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಆರಂಭವಾಗಿವೆ. ಇನ್ನು ಮುಂದೆ ನಮ್ಮ ಮಕ್ಕಳು ಹೋಗಿ ಬರುವುದು ಹೆಚ್ಚಬಹುದು. ಆದ್ದರಿಂದ 2019ರ ಅಕ್ಟೋಬರಿನಲ್ಲಿ ನಾನು ಅದೇ ಊರಿನಲ್ಲಿ ಕಳೆದ ಆರು ದಿನಗಳ ವಿಷಯವನ್ನು ಈ ಸಲ ಬರೆಯುತ್ತೇನೆ.

ಚೀನಾ ನಮ್ಮ ಕಡೆಯವರಿಗೆ ಪೂರ್ತಿ ಹೊಸ ಹೆಸರಲ್ಲ. ವಯನಾಡಿನ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವುದು ಚೀನಭರಣಿಯಲ್ಲಿ, ಹಪ್ಪಳ ಕರಿಯುವುದು ಚೀನಚಟ್ಟಿಯಲ್ಲಿ. ಘಟ್ಟದ ಕೆಳಗಿನ ಕೋಳಿಕೋಡಿಗೆ 15ನೇ ಶತಮಾನದಲ್ಲಿ ಝೆಂಗ್ ಹೇ ಎಂಬ ಚೀನೀ ನೌಕಾಧಿಪತಿಯ ಹಡಗುಗಳು ಬಂದಿದ್ದವು. ಆ ಬಂದರಿನ ಹೆಸರಾದ ಸರಕು ಕರಿಮೆಣಸು. ನಾನೂ ಮೆಣಸಿನ ವ್ಯಾಪಾರಿಯೇ. ಹಡಗಿನವರು ಇಲ್ಲಿಗೆ ಬಂದು ಆರುನೂರು ವರ್ಷವಾದ ಮೇಲೆ ನಾನು ಅಲ್ಲಿಗೆ ಹೋದೆ, ಅಷ್ಟೆ.

ಬತ್ತೇರಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಸ್ನೇಹಿತ ಆಗ ಅಲ್ಲಿ ಮಗನ ಮನೆಯಲ್ಲಿದ್ದ. ಪಕ್ಕದ ಫೋಶಾನಿನ ಕಾರ್ಖಾನೆಗಳಿಂದ ಮೇಜು, ಕುರ್ಚಿ, ಸೋಫಾ ಕೊಂಡು ಭಾರತಕ್ಕೆ ಕಳಿಸುವುದು ಮಗನ ಉದ್ಯೋಗ. "ಬಾರೋ, ಕನ್ನಡದಲ್ಲಿ ಮಾತಾಡಿ ಬಹಳ ದಿನವಾಯಿತು" ಎಂದು ಸ್ನೇಹಿತ ಫೋನಿನಲ್ಲಿ ಹೇಳಿದ ದನಿ ಕೇಳಿಯೇ ನಾನು ಹೊರಟದ್ದು. ಬೆಂಗಳೂರಿನಿಂದ ಹೊರಟು ಕೌಲಾಲಂಪುರದಲ್ಲಿ ವಿಮಾನ ಬದಲಾಯಿಸಿ ಹೋದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ.

ನಾನು ಹೋದಾಗ ಕ್ಯಾಂಟನ್ ಮೇಳದ ಸಮಯ. 1957ರಲ್ಲಿ ಶುರುವಾದ ಈ ಮೇಳ ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ನಡೆಯುತ್ತದೆ. ಲೋಕದ ಎಲ್ಲ ಕಡೆಯ ವ್ಯಾಪಾರಿಗಳನ್ನು ಅಲ್ಲಿ ಕಂಡೆ. ಆದರೆ ಮನಸ್ಸಿಗೆ ಹಿಡಿಸಿದ್ದು ಹುವಾಲಿನ್ ದೇವಾಲಯ. ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಹೋದ ಬೋಧಿಧರ್ಮರು ಇಳಿದ ಸ್ಥಳ ಅದು ಎಂದು ಅಲ್ಲಿಯವರ ನಂಬಿಕೆ. ಒಳಗೆ ಐನೂರು ಮೂರ್ತಿಗಳ ಒಂದು ಮಂಟಪವಿದೆ. ಆ ಮೂರ್ತಿಗಳಿಗೆ ಅವರು ಹೇಳುವ 'ಲೋಹಾನ್' ಎಂಬ ಹೆಸರು ಸಂಸ್ಕೃತದ 'ಅರ್ಹತ್' ಶಬ್ದದಿಂದ ಬಂದದ್ದು. ಅರ್ಥ ಅವರದು ಬೌದ್ಧರದು, ಆದರೂ ದಿನಾ ನಮ್ಮ ನಾಲಿಗೆಯ ಮೇಲಿರುವ ಶಬ್ದ ಅಷ್ಟು ದೂರದಲ್ಲಿ ಸಿಕ್ಕಾಗ ಕೈ ತಾನಾಗಿ ಮುಗಿಯಿತು.

ಇನ್ನು ರಾತ್ರಿಯ ಮಾತು. ಅಕ್ಟೋಬರಿನಲ್ಲಿ ಅಲ್ಲಿ ಸುಮಾರು ಆರು ಗಂಟೆಗೆ ಹೊತ್ತು ಮುಳುಗುತ್ತದೆ. ಊರು ಏಳುವುದೇ ಆಮೇಲೆ ಎನ್ನಬೇಕು. ಮೈದಾನಗಳಲ್ಲಿ ಅಜ್ಜಿಯರು ಹಾಡು ಹಾಕಿಕೊಂಡು ಸಾಲಾಗಿ ಕುಣಿಯುತ್ತಾರೆ, ಅಂಗಡಿ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಊರಿನ ರಾತ್ರಿ ಎಂದರೆ ಊಟ. ತಡರಾತ್ರಿಯ ತಿಂಡಿಗೆ ಅವರ ಭಾಷೆಯಲ್ಲಿ 'ಸಿಯು ಯೆ' ಎಂಬ ಬೇರೆ ಹೆಸರೇ ಇದೆ. ನಾನೋ ಹೊತ್ತು ಮುಳುಗಿದ ಮೇಲೆ ಉಣ್ಣದವನು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮೆಣಸಿನ ಸುಗ್ಗಿಯಲ್ಲಿ ರಾತ್ರಿ ಒಂಬತ್ತರವರೆಗೆ ತೂಕ ಹಾಕಿ, ಹತ್ತಕ್ಕೆ ಉಂಡ ವರ್ಷಗಳು ನನಗೆ ಬಹಳ ಇವೆ. ತಾಯಿ ತೀರಿಕೊಂಡ ವರ್ಷ, ನನ್ನ ಐವತ್ತನೇ ವಯಸ್ಸಿನಲ್ಲಿ, ಈ ನಿಯಮ ತೆಗೆದುಕೊಂಡೆ.

ಮೂರನೇ ದಿನ ತೊಡಕು ಬಂತು. ಸ್ನೇಹಿತನ ಮಗನಿಗೆ ಸರಕು ಕೊಡುವ ಕಾರ್ಖಾನೆಯ ಯಜಮಾನರು, ಎಪ್ಪತ್ತರ ಹತ್ತಿರದವರು, ನನ್ನ ಗೌರವಾರ್ಥ ರಾತ್ರಿ ಏಳು ಗಂಟೆಗೆ ಔತಣ ಇಟ್ಟಿದ್ದರು. ಹುಡುಗ ಮುಖ ಸಣ್ಣದು ಮಾಡಿಕೊಂಡು, "ಮಾಮ, ಇಲ್ಲಿ ಊಟಕ್ಕೆ ಕರೆದಾಗ ಬರುವುದಿಲ್ಲ ಎಂದರೆ ಅವಮಾನ. ನಾನು ಎಷ್ಟೋ ವರ್ಷದಿಂದ ಹೊಟ್ಟೆ ಸರಿಯಿಲ್ಲ ಎಂದು ಹೇಳಿಕೊಂಡೇ ತಪ್ಪಿಸಿಕೊಳ್ಳುತ್ತಿದ್ದೇನೆ. ನೀವೂ ಹಾಗೇ ಹೇಳಿಬಿಡಿ. ಇಲ್ಲವೇ ಒಂದು ದಿನ ಉಂಡುಬಿಡಿ. ಕತ್ತಲೆಯಲ್ಲಿ ಹುಳು ಬೀಳುತ್ತದೆ ಎಂದು ತಾನೇ ಈ ನಿಯಮ? ಇಲ್ಲಿ ಕತ್ತಲೆ ಎಲ್ಲಿದೆ?" ಎಂದ.

ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆದರೆ ಸುಳ್ಳು ಹೇಳಿ ಕಾಪಾಡುವ ನಿಯಮ ನನಗೆ ಬೇಡವೆನಿಸಿತು. "ಇದ್ದದ್ದನ್ನು ಇದ್ದ ಹಾಗೆ ಅವರಿಗೆ ಹೇಳು. ಕೋಪ ಬಂದರೆ ನಾನೇ ಹೋಗಿ ಕೈ ಮುಗಿಯುತ್ತೇನೆ" ಎಂದೆ. ಸ್ನೇಹಿತ ಮಾತಾಡಲಿಲ್ಲ. ಮಗನ ವ್ಯಾಪಾರ ಕೆಟ್ಟೀತೆಂಬ ಭಯ ಅವನ ಕಣ್ಣಿನಲ್ಲಿತ್ತು.

ಹುಡುಗ ಫೋನ್ ಮಾಡಿದ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಯಜಮಾನರು, ತಮ್ಮ ತಾಯಿಯೂ ಚಾಂದ್ರಮಾಸದ ಮೊದಲನೇ ದಿನ ಮತ್ತು ಹದಿನೈದನೇ ದಿನ 'ಸು', ಅಂದರೆ ಸಸ್ಯಾಹಾರ, ಮಾತ್ರ ಉಣ್ಣುತ್ತಿದ್ದರು ಎಂದರಂತೆ. ಔತಣ ಸಂಜೆ ನಾಲ್ಕೂವರೆಗೆ, ಬೌದ್ಧರ ಸಸ್ಯಾಹಾರದ ಹೋಟೆಲಿಗೆ ಬದಲಾಯಿತು. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅವರ ಶಾಸ್ತ್ರದಲ್ಲಿಯೂ ಅವು ವರ್ಜ್ಯ. ನಾನು ಅಣಬೆ, ತಾವರೆಗಡ್ಡೆಗಳನ್ನು ಬದಿಗಿಟ್ಟಾಗ ಯಜಮಾನರು ನಕ್ಕು, "ಹಾಗಾದರೆ ಇವರು ಉಣ್ಣುವುದೇನು?" ಎಂದು ಕೇಳಿದರು. ಅನ್ನ, ಸೊಪ್ಪು, ಸೋಯಾ ಗಿಣ್ಣು, ಸಿಹಿಗುಂಬಳದ ಪಲ್ಯ ಉಂಡೆ. ನಮ್ಮಲ್ಲಿ ಅದಕ್ಕೆ ಚೀನಿಕಾಯಿ ಎನ್ನುತ್ತೇವೆ ಎಂದು ಹುಡುಗ ಹೇಳಿದಾಗ ಮೇಜಿನ ಸುತ್ತ ದೊಡ್ಡ ನಗು. ಕುಡಿಯಲು ಎಲ್ಲಿ ಹೋದರೂ ಕಾಯಿಸಿದ ಬಿಸಿನೀರನ್ನೇ ಕೊಡುತ್ತಾರೆ. ಅದೊಂದು ನಮಗೆ ಅನುಕೂಲ.

ಅಂದು ರಾತ್ರಿ ಯಜಮಾನರೇ ನಮ್ಮನ್ನು ಪರ್ಲ್ ನದಿಯ ದೋಣಿವಿಹಾರಕ್ಕೆ ಕರೆದೊಯ್ದರು. 1933ರ ಹಾಯ್‌ಝು ಉಕ್ಕಿನ ಸೇತುವೆ, ಎರಡು ದಡದ ದೀಪಗಳು, ಕೊನೆಗೆ 600 ಮೀಟರ್ ಎತ್ತರದ ಕ್ಯಾಂಟನ್ ಗೋಪುರ. 2010ರ ಏಷ್ಯನ್ ಕ್ರೀಡಾಕೂಟದ ಸಮಯಕ್ಕೆ ತೆರೆದ ಈ ಗೋಪುರ ಬಣ್ಣ ಬದಲಿಸುತ್ತ ನಿಲ್ಲುತ್ತದೆ. ನೋಡಲು ಕಣ್ಣಿಗೆ ಯಾವ ನಿಯಮವೂ ಅಡ್ಡಿಯಿಲ್ಲ. ದೋಣಿಯ ದೀಪಕ್ಕೆ ಹುಳುಗಳು ಮುತ್ತಿ ಸುತ್ತುತ್ತಿದ್ದವು. ಹುಡುಗನಿಗೆ ತೋರಿಸಿ, "ನೋಡು, ಬೆಳಕು ಹೆಚ್ಚಾದರೆ ಹುಳು ಕಡಿಮೆಯಾಗುವುದಿಲ್ಲ. ಅದೂ ಇರಲಿ. ಅಂಗಡಿಗೆ ಬಾಗಿಲು ಹಾಕುವ ಹೊತ್ತು ಇದ್ದ ಹಾಗೆ ಬಾಯಿಗೂ ಒಂದು ಹೊತ್ತು ಇರಲಿ ಎಂದು ನಾನು ಇಟ್ಟುಕೊಂಡದ್ದು" ಎಂದೆ. ಅವನು ಒಪ್ಪಿದನೋ ಇಲ್ಲವೋ ತಿಳಿಯದು. "ನಾಳೆಯಿಂದ ಹೊಟ್ಟೆ ನೋವಿನ ಸುಳ್ಳು ತಪ್ಪಿತು" ಎಂದು ಮಾತ್ರ ಹೇಳಿದ. ನನಗೆ ಅಷ್ಟೇ ಸಾಕಾಯಿತು.

ಅಂಗಡಿಗೆ ಬಂದ ಹುಡುಗನಿಗೂ ಇದನ್ನೇ ಹೇಳಿದೆ. ನಿನ್ನ ಆಹಾರದ ನಿಯಮವನ್ನು ಚೀನೀ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೋ. ಬರೀ ತರಕಾರಿ ಎಂದು ಕೊಟ್ಟದ್ದರಲ್ಲೂ ಮಾಂಸದ ಸಾರು, ಸಿಂಪಿಯ ಸಾಸ್ ಇರುವುದುಂಟು, ಕೇಳಿಯೇ ಉಣ್ಣು. ಮುಖ್ಯವಾಗಿ ಮೊದಲ ದಿನವೇ ನಿಜ ಹೇಳಿಬಿಡು.

ಕೊನೆಗೆ ನನ್ನದೇ ಒಂದು ತಪ್ಪೊಪ್ಪಿಗೆ. ಬಂಡೀಪುರ ಕಾಡಿನ ನಮ್ಮ ಹೆದ್ದಾರಿ 2009ರಿಂದ ಪ್ರಾಣಿಗಳ ರಕ್ಷಣೆಗಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನಾನು ಹೊರಡುವ ಕೆಲವು ದಿನ ಮೊದಲು ಅದರ ವಿರುದ್ಧ ಬತ್ತೇರಿಯಲ್ಲಿ ನಡೆದ ಉಪವಾಸದ ಚಪ್ಪರದಲ್ಲಿ ನಾನೂ ಕೂತು ಬಂದಿದ್ದೆ. ವ್ಯಾಪಾರಿಗೆ ಅದರ ನಷ್ಟ ನಿಜವಾದದ್ದೇ. ಹಿಂತಿರುಗುವಾಗ ಬೆಂಗಳೂರಿನಿಂದ ತಡವಾಗಿ, ಗುಂಡ್ಲುಪೇಟೆ ದಾಟಿ ಮದ್ದೂರು ಗೇಟಿಗೆ ಬರುವಾಗ ಒಂಬತ್ತು ಹೊಡೆದಿತ್ತು. ಗೇಟು ಹಾಕಿತ್ತು, ಲಾರಿಗಳು ಸಾಲಾಗಿ ನಿಂತಿದ್ದವು, ಆಚೆ ಕಾಡು ಕಪ್ಪಗೆ ಮಲಗಿತ್ತು. ನನ್ನ ಬಾಯಲ್ಲಿ ಬೈಗುಳ ಬರುವುದರಲ್ಲಿತ್ತು. ಒಂದು ಹುಳುವಿಗಾಗಿ ತಟ್ಟೆಯ ಬಾಗಿಲು ಹಾಕಿದೆನೆಂದು ಚೀನಾದಲ್ಲಿ ಹೇಳಿ ಬಂದವನು, ಜಿಂಕೆ ಆನೆಗಳಿಗಾಗಿ ಹಾಕಿದ ಬಾಗಿಲಿಗೆ ಬೈಯುವುದು ಹೇಗೆ? ಕಾರು ತಿರುಗಿಸಿ ಗುಂಡ್ಲುಪೇಟೆಯಲ್ಲಿ ಮಲಗಿ ಬೆಳಿಗ್ಗೆ ಮನೆಗೆ ಬಂದೆ. ನಷ್ಟದ ಲೆಕ್ಕ ಇನ್ನೂ ನನ್ನ ಪುಸ್ತಕದಲ್ಲಿದೆ. ಆದರೆ ಆ ಗೇಟಿನ ಮುಂದೆ ಬೈಯುವುದನ್ನು ಅಂದಿನಿಂದ ಬಿಟ್ಟಿದ್ದೇನೆ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.