ಮಿದುಳಿನಲ್ಲಿ ಹೊಳೆಯುವ ಹಸಿರು ಕೋಶ: ವೈರಸ್ ಮಾಡಿದ್ದು ಗುರುತು, ಚಿಕಿತ್ಸೆಯಲ್ಲ

ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ ನರಕೋಶದ ಚಿತ್ರ. ಜತೆಗೆ, "ವೈರಸ್ ಚುಚ್ಚಿದರೆ ಮಿದುಳು ಮತ್ತೆ ಬೆಳೆಯುತ್ತದೆ" ಎಂಬ ಸಾಲು. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಅದರ ಹಿಂದಿನ ವಿಜ್ಞಾನವನ್ನು ತಿಳಿಯೋಣ.

ವೈರಸ್ ಯಾಕೆ ಬೇಕು?

ಜೀವಕೋಶದೊಳಗೆ ನುಗ್ಗಿ ತನ್ನ ಜೀನ್‌ಗಳನ್ನು ಇಳಿಸುವುದು ವೈರಸ್‌ನ ಕಸುಬು. ವಿಜ್ಞಾನಿಗಳು ಅದು ಹರಡಲು ಬೇಕಾದ ಜೀನ್‌ಗಳನ್ನು ತೆಗೆದು, ಅಲ್ಲಿ ಜೆಲ್ಲಿ ಫಿಶ್‌ನಿಂದ ಪಡೆದ ಒಂದು ಜೀನ್ ಇಡುತ್ತಾರೆ. ಅದು ತಯಾರಿಸುವ ಜಿಎಫ್‌ಪಿ ಎಂಬ ಪ್ರೋಟೀನ್, ನೀಲಿ ಬೆಳಕು ಬಿದ್ದಾಗ ಹಸಿರಾಗಿ ಹೊಳೆಯುತ್ತದೆ. ಇದರ ಸಂಶೋಧನೆಗೆ 2008ರ ರಸಾಯನಶಾಸ್ತ್ರ ನೊಬೆಲ್ ಬಂದಿದೆ. ಹೀಗೆ ಬದಲಿಸಿದ ವೈರಸ್ಸೇ 'ವೈರಲ್ ವೆಕ್ಟರ್': ಸರಕು ತಲುಪಿಸುತ್ತದೆ, ಸೋಂಕು ಹರಡುವುದಿಲ್ಲ.

ಹೊಸ ಕೋಶಗಳೇ ಏಕೆ ಹೊಳೆಯುತ್ತವೆ?

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಇಲಿಯ ಒಂದು ರೆಟ್ರೊವೈರಸ್. ಕೋಶ ಎರಡಾಗುವಾಗ ಕೋಶಕೇಂದ್ರದ ಪೊರೆ ಕಳಚುತ್ತದೆ. ಆಗ ಮಾತ್ರ ಈ ವೈರಸ್‌ನ ಜೀನ್ ಒಳಸೇರಬಲ್ಲದು. ಬೆಳೆದ ನರಕೋಶಗಳು ವಿಭಜನೆಯಾಗುವುದಿಲ್ಲ, ಆದ್ದರಿಂದ ಅವಕ್ಕೆ ಗುರುತು ಬೀಳದು. ವಿಭಜನೆಯಾಗುತ್ತಿರುವ ಕೋಶಕ್ಕೂ ಅದರ ಸಂತತಿಗೂ ಮಾತ್ರ ಬೀಳುತ್ತದೆ. 2002ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ತಂಡ, ವಯಸ್ಕ ಇಲಿಗಳ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸದಾಗಿ ಹುಟ್ಟಿದ ಕೋಶಗಳು ಕೆಲಸ ಮಾಡುವ ನರಕೋಶಗಳಾದದ್ದನ್ನು ಹೀಗೆಯೇ ತೋರಿಸಿತು.

ಗುರುತೇ ಕೋಶವನ್ನು ಕೊಂದರೆ?

ಮಿದುಳಿನ ಸಂಶೋಧನೆಯಲ್ಲಿ ಎಎವಿ ಎಂಬ ಇನ್ನೊಂದು ವೆಕ್ಟರ್ ಕೂಡ ಬಳಕೆಯಲ್ಲಿದೆ. ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಪ್ರಮಾಣದಲ್ಲೇ ಅದು ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ವಿಭಜನೆಯಾಗುವ ಎಳೆಯ ಕೋಶಗಳನ್ನು ಸಾಯಿಸುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಚಿತ್ರ ಚೆನ್ನಾಗಿದ್ದ ಮಾತ್ರಕ್ಕೆ ಮಿದುಳು ಚೆನ್ನಾಗಿದೆ ಎಂದಲ್ಲ.

ಮನುಷ್ಯರ ಕಥೆ ಏನು?

ವಯಸ್ಕರ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಯೇ ಎಂಬುದರಲ್ಲೇ ಒಮ್ಮತವಿಲ್ಲ. 2018ರಲ್ಲಿ ಒಂದು ಅಧ್ಯಯನ 'ಕಾಣಲಿಲ್ಲ' ಎಂದಿತು, ಇನ್ನೊಂದು 'ವೃದ್ಧಾಪ್ಯದಲ್ಲೂ ಇವೆ' ಎಂದಿತು. ಅಂದಮೇಲೆ ಇಲಿಯ ಚಿತ್ರ ನಮಗೆ ಚಿಕಿತ್ಸೆಯ ಖಾತರಿ ಹೇಗಾದೀತು?

ಹಣ ಕಟ್ಟುವ ಮುನ್ನ

ಪಾರ್ಶ್ವವಾಯು, ಆಟಿಸಂ ಇರುವವರ ಮನೆಯವರಿಗೆ ಇಂಥ ಸಂದೇಶ ದೊಡ್ಡ ಆಸೆ ಹುಟ್ಟಿಸುತ್ತದೆ. ಆದರೆ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಸ್ಟೆಮ್ ಸೆಲ್ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಯಾರಾದರೂ 'ಮಿದುಳಿಗೆ ಸ್ಟೆಮ್ ಸೆಲ್' ಎಂದರೆ ಟ್ರಯಲ್‌ನ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ, ನಿಮ್ಮ ನರರೋಗ ತಜ್ಞರಿಗೂ ತೋರಿಸಿ.

ಹಸಿರು ಬೆಳಕು ಕೋಶ ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ತೋರಿಸುತ್ತದೆ, ಅಷ್ಟೇ. ಕಾಯಿಲೆ ವಾಸಿಯಾಯಿತು ಎಂದಲ್ಲ.