ಮರೆಯಲ್ಲಿದ್ದವಳ ಕೈಗೆ ಕ್ಯಾಮೆರಾ

ಪಡಸಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕುವುದು ನಮ್ಮ ಸಂಸಾರಗಳಲ್ಲಿ ಹಳೆಯ ವಾಡಿಕೆ. ಆ ಸಾಲಿನಲ್ಲಿ ಸ್ಥಾನ ಪಡೆದವರು ಮನೆಯವರು. ಒಂದು ಚಿತ್ರವನ್ನು ಇಳಿಸಿಟ್ಟರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಚ್‌.ಐ.ವಿ. ಸೋಂಕು ತಗಲಿದ ಹೆಣ್ಣುಮಗಳ ಪಾಡು ಎಷ್ಟೋ ವೇಳೆ ಇಳಿಸಿಟ್ಟ ಚಿತ್ರದ ಪಾಡೇ ಆಗಿದೆ. ಸೋಂಕು ಗಂಡನಿಂದಲೇ ಬಂದಿದ್ದರೂ ಅಪವಾದ ಮಾತ್ರ ಅವಳ ತಲೆಗೆ.

ಶರೀರದ ಮಟ್ಟಿಗೆ ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. 2004ರಿಂದ ಸರಕಾರವೇ ಉಚಿತವಾಗಿ ಗುಳಿಗೆ ಕೊಡುತ್ತಿದೆ. ಅದನ್ನು ತಪ್ಪದೆ ಸೇವಿಸಿ, ಪರೀಕ್ಷೆಗೆ ಕಾಣದಷ್ಟು ಮಟ್ಟಕ್ಕೆ ವೈರಾಣು ಇಳಿದು ಅಲ್ಲಿಯೇ ನಿಂತರೆ, ದಾಂಪತ್ಯ ಸಂಬಂಧದಿಂದಲೂ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ ಗುಳಿಗೆಯ ಸೀಸೆಯನ್ನು ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿಟ್ಟು, ಯಾರೂ ಇಲ್ಲದ ಸಮಯ ನೋಡಿ ನುಂಗಬೇಕಾದವಳ ಮನಸ್ಸಿಗೆ ಏನು ಔಷಧಿ? ಕುಗ್ಗಿದ ಮನಸ್ಸು ಗುಳಿಗೆಯನ್ನೂ ಮರೆಸುತ್ತದೆ. ಆಗ ಶರೀರವೂ ಕುಗ್ಗುತ್ತದೆ.

ಮನಸ್ಸಿನ ಚಿಕಿತ್ಸೆಗೂ ಛಾಯಾಚಿತ್ರಕ್ಕೂ ನಂಟು ಬೆಳೆದುದು ಇಂದು ನಿನ್ನೆಯಲ್ಲ. 1850ರ ದಶಕದಲ್ಲಿಯೇ ಇಂಗ್ಲೆಂಡಿನ ವೈದ್ಯ ಹ್ಯೂ ಡೈಮಂಡ್ ಎಂಬಾತನು ಸರ್ರೆಯ ಮಾನಸಿಕ ಆಸ್ಪತ್ರೆಯ ಸ್ತ್ರೀ ರೋಗಿಗಳ ಚಿತ್ರ ತೆಗೆದು, ಅವುಗಳನ್ನು ಅವರಿಗೆ ತೋರಿಸುವುದರಿಂದ ಗುಣ ಉಂಟೆಂದು ವಾದಿಸಿದನು. ಆದರೆ ಅಲ್ಲಿ ಕ್ಯಾಮೆರಾ ವೈದ್ಯನ ಕೈಯಲ್ಲಿತ್ತು, ಹೆಂಗಸು ನೋಡಿಸಿಕೊಳ್ಳುವವಳಷ್ಟೇ. 1990ರ ದಶಕದ ಆರಂಭದಲ್ಲಿ ಚೀನದ ಯುನ್ನಾನ್ ಪ್ರಾಂತದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಎಂಬ ಇಬ್ಬರು ಮಹಿಳೆಯರು ಈ ಕ್ರಮವನ್ನು ತಿರುವುಮುರುವು ಮಾಡಿ, ಹಳ್ಳಿಯ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ಮುಂದೆ ಗಿಡಿಯನ್ ಮೆಂಡೆಲ್ ಮೊದಲಾದವರು ಎಚ್‌.ಐ.ವಿ.ಯೊಡನೆ ಬದುಕುವವರಿಗೆ ಇದನ್ನು ಕಲಿಸಿದರು. ಮುಂಬಯಿಯೂ ಸೇರಿದಂತೆ ಜಗತ್ತಿನ ಹಲವು ನಗರಗಳಲ್ಲಿ 130 ಮಂದಿ ತೆಗೆದ ಚಿತ್ರಗಳು 2019ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದುವು.

ಇದರ ಬಗೆ ಸರಳ. ಕೆಲವರು ಹೆಂಗಸರು ವಾರಕ್ಕೊಮ್ಮೆ ಕೂಡುತ್ತಾರೆ. 'ನನಗೆ ಧೈರ್ಯ ಕೊಡುವುದು ಯಾವುದು?' ಎಂಬಂಥ ಒಂದು ವಿಷಯವನ್ನು ಆರಿಸಿಕೊಂಡು ಚಿತ್ರ ತೆಗೆದು ತರುತ್ತಾರೆ. ಅನಂತರ ಸುತ್ತಲೂ ಕುಳಿತು ಮಾತು. "ನನಗೆ ದುಃಖವಾಗಿದೆ" ಎನ್ನಲು ನಾಲಗೆ ಏಳದವಳು, ಒಲೆಯ ಪಕ್ಕದ ಒಂಟಿ ತಟ್ಟೆಯ ಚಿತ್ರವನ್ನು ತೋರಿಸಿ, "ಇದೊಂದನ್ನೇ ಬೇರೆ ಇಟ್ಟಿದ್ದಾರೆ" ಎಂದಾಳು. ಪಕ್ಕದಲ್ಲಿ ಕುಳಿತವಳಿಗೆ ತನ್ನ ಮನೆಯ ತಟ್ಟೆ ನೆನಪಾದೀತು. ತಾನೊಬ್ಬಳೇ ಅಲ್ಲ ಎಂಬ ಅರಿವು ಮೂಡುವುದು ಹೀಗೆ. ಇದು ಗುಳಿಗೆಗಾಗಲಿ ಮನೋವೈದ್ಯರಿಗಾಗಲಿ ಬದಲಿಯಲ್ಲ, ಅವುಗಳ ಜೊತೆಗಾರ.

ಇಂಥ ಕೂಟವೊಂದು ನಮ್ಮ ಸೀಮೆಯಲ್ಲಿ ಸೇರಿತೆನ್ನಿ. ಬೆಟಗೇರಿಯವಳು ಮಗ್ಗದ ಮೇಲಿನ ಅರ್ಧ ನೆಯ್ದ ಸೀರೆಯನ್ನು ತೆಗೆದಾಳು. ಲಕ್ಷ್ಮೇಶ್ವರದವಳು ಸೋಮೇಶ್ವರ ಗುಡಿಯ ಕಂಬದ ನೆರಳನ್ನು. ಶಿರಹಟ್ಟಿಯವಳು ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಬಾಗಿಲನ್ನು. ಮುಂಡರಗಿಯವಳು ಕಪ್ಪತಗುಡ್ಡದ ಮೇಲೆ ಕವಿದ ಮೋಡವನ್ನು.

ಆದರೆ ಅಪಾಯವೂ ಇಲ್ಲಿಯೇ ಉಂಟು. ಚಿಕ್ಕ ಊರಿನಲ್ಲಿ ಮುಖವೇ ಬೇಕಿಲ್ಲ. ಬಳೆಯ ಬಣ್ಣ, ಬಾಗಿಲ ಚಿಲಕ ಕೂಡ ಗುಟ್ಟನ್ನು ಬಿಟ್ಟುಕೊಡುತ್ತವೆ. ಮೊಬೈಲಿನಿಂದ ಮೊಬೈಲಿಗೆ ಹಾರಿದ ಚಿತ್ರವನ್ನು ಮರಳಿ ಕರೆಯುವಂತಿಲ್ಲ. ಆದುದರಿಂದ ಯಾವ ಚಿತ್ರವನ್ನು ಯಾರಿಗೆ ತೋರಿಸಬೇಕೆಂಬುದು ತೆಗೆದವಳ ಇಚ್ಛೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಸ್ವಾತಂತ್ರ್ಯವೂ ಅವಳದೇ ಆಗಿರಬೇಕು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌.ಐ.ವಿ. ಕಾಯಿದೆಯೂ, ಒಬ್ಬರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು ವಿಧಿಸಿದೆ. ಅಷ್ಟೇ ಅಲ್ಲ, ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಹೆಂಗಸಿಗೆ ಕೊಟ್ಟಿದೆ.

ಸೋಂಕಿನ ವಿಚಾರಕ್ಕೆ 1097, ಮನಸ್ಸಿನ ಬೇಗೆಗೆ 14416, ಇವೆರಡೂ ಉಚಿತ ದೂರವಾಣಿಗಳು. ಉಳಿದುದು ನಮ್ಮ ನಿಮ್ಮ ಪಾಲಿನ ಕೆಲಸ. ಹೆಣ್ಣುಮಗಳೊಬ್ಬಳು ಧೈರ್ಯ ಮಾಡಿ ತನ್ನ ಚಿತ್ರವೊಂದನ್ನು ಮುಂದೆ ಹಿಡಿದಾಗ, "ಇದು ಯಾರ ಮನೆ?" ಎಂದು ಕೇಳದಿರೋಣ; ಅವಳು ತೋರಿಸುತ್ತಿರುವುದೇನೆಂಬುದನ್ನು ನೋಡೋಣ.